ಒದ್ದೆ ಮಸಿ

ಜೂನ್ 12

ಅಮ್ಮನಿಗೆ,

ಈ ಪತ್ರವನ್ನು ನೀನು ಓದುತ್ತೀಯೋ ಇಲ್ಲ ಒಡೆಯದೆ ಒಲೆಗೆ ಹಾಕುತ್ತೀಯೋ ಗೊತ್ತಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಮಾವನನ್ನು ಕೇಳಿದ್ದಕ್ಕೆ, "ಕಂಪ್ರೆಸರ್ ಸದ್ದಲ್ಲಿ ನಿಮ್ಮಮ್ಮನ ಕಿವಿ ಹೋಗಿದೆ ಕಣೇ. ಏನಿದ್ರೂ ಬರೆದು ಹಾಕು, ಬೈಕೊಂಡಾದ್ರೂ ಓದ್ತಾಳೆ" ಅಂದ. ಅದಕ್ಕೇ ಬರೆಯುತ್ತಿದ್ದೇನೆ. ಗ್ಯಾರೇಜು ಬಿಟ್ಟು ಬಂದು ವರ್ಷದ ಮೇಲಾಯಿತು. ನಾನು ಚೆನ್ನಾಗಿದ್ದೇನೆ. ವ್ಯಾನ್ ಚೆನ್ನಾಗಿಲ್ಲ.

ಸ್ಕೂಲಿನ ಮಕ್ಕಳನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಮಧ್ಯಾಹ್ನ ಮನೆಗೆ ಬಿಡುವುದು ನನ್ನ ಕೆಲಸ. ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ನನ್ನ ಒಂದು ಕೋಣೆ. ಕಿಟಕಿಯಿಂದ ನೋಡಿದರೆ ವ್ಯಾನ್ ಕಾಣುತ್ತದೆ. ಎದ್ದ ಕೂಡಲೇ ಅದರ ಮುಖ ನೋಡುತ್ತೇನೆ, ನಗಬೇಡ. ಈಗ ಎರಡು ತಿಂಗಳಿಂದ ಕರೀ ಹೊಗೆ ಕಾರುತ್ತಿದೆ. ಏರು ಬಂದರೆ ಎಳೆಯುವುದಿಲ್ಲ. ಮಕ್ಕಳು ನನಗೆ 'ಹೊಗೆ ಆಂಟಿ' ಅಂತ ಹೆಸರಿಟ್ಟಿವೆ. ಹೆಡ್ ಮೇಡಂ ಮೊನ್ನೆ ಒಳಗೆ ಕರೆದು, "ನೋಡಮ್ಮ, ನೀನು ಒಳ್ಳೆಯವಳೇ. ಆದ್ರೆ ಮಕ್ಕಳು ಕೆಮ್ಮುತ್ತಾ ಕ್ಲಾಸಿಗೆ ಬರ್ತವೆ. ಅರ್ಧವಾರ್ಷಿಕ ಪರೀಕ್ಷೆ ಹೊತ್ತಿಗೆ ಸರಿಹೋಗದಿದ್ರೆ ಬೇರೆ ಗಾಡಿ ನೋಡ್ಕೋತೀನಿ" ಅಂದರು. ಈ ಸ್ಕೂಲು ಹೋದರೆ ನನಗೆ ಬೇರೆ ದಾರಿ ಇಲ್ಲ.

ಇಲ್ಲಿಯ ಮೆಕ್ಯಾನಿಕ್ ಬಿಚ್ಚದೆ ಹೊರಗಿಂದಲೇ ನೋಡಿದ. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ತಿರುಗಿ ಎಂಜಿನ್ನಿಗೇ ಉಣ್ಣಿಸುವ ಇಜಿಆರ್ ವಾಲ್ವ್ ಇದೆಯಲ್ಲ, ಅದರಲ್ಲಿ ಮಸಿ ಕಟ್ಟಿಕೊಂಡಿದೆಯಂತೆ. "ತಗಡು ಹೊಡೆದು ಮುಚ್ಚಿಬಿಡ್ಲಾ?" ಅಂದ. ಹಾಗೆ ಮಾಡುವವರನ್ನು ನೀನು 'ಮೂಗು ಮುಚ್ಚಿ ನೆಗಡಿ ವಾಸಿ ಮಾಡೋರು' ಅಂತಿದ್ದೆ. ಬೇಡ ಅಂದೆ. ತೊಳೆದರೆ ಸಾಕು ಅಂತ ನನಗೆ ಅನ್ನಿಸುತ್ತದೆ.

ಆದರೆ ತೊಳೆಯುವುದು ನನಗೆ ಗೊತ್ತಿಲ್ಲ. ಸ್ಟೂಲ್ ಹತ್ತಿ ನಿಲ್ಲುವ ವಯಸ್ಸಿನಿಂದ ನೀನು ನನ್ನ ಕೈ ಎಂಜಿನ್ನಿನ ಹಿಂದೆ ತೂರಿಸಿ ನೂರಾರು ವಾಲ್ವ್ ಬಿಚ್ಚಿಸಿದೆ. ವಾಲ್ವ್ ಹೊರಗೆ ಬಂದ ಕೂಡಲೇ ನೀನು ಕಿತ್ತುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕುತ್ತಿದ್ದೆ. ಒಳಗೆ ಏನಿರುತ್ತದೆ ಎಂದು ನಾನು ಒಂದು ದಿನವೂ ನೋಡಿಲ್ಲ. ಕೈ ಕೆಸರಾಗುತ್ತಿದ್ದದ್ದು ನನ್ನದು, ಮೊಸರಾಗುತ್ತಿದ್ದ ಬಾಯಿ ನಿನ್ನದು.

ಹೇಗೆ ತೊಳೆಯುವುದು ಎಂದು ಬರೆ. ಅಷ್ಟೇ ಕೇಳುತ್ತಿರುವುದು.

ಇಲಿ


ಜೂನ್ 20

ಇಲಿಗೆ,

ಕ್ಷೇಮ ಸಮಾಚಾರ ಕೇಳುವುದಕ್ಕೆ ನನಗೆ ಪುರುಸೊತ್ತಿಲ್ಲ. ಚೆನ್ನಾಗಿದ್ದೇನೆ ಅಂತ ನೀನೇ ಬರೆದಿದ್ದೀಯ, ನಂಬಿದ್ದೇನೆ.

"ನಾನೇನು ನಿನ್ನ ಪಾನಾ ಅಲ್ಲ" ಅಂತ ಗಿರಾಕಿಗಳ ಎದುರು ಕೂಗಿ ಹೋದವಳು ನೀನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಪಾನಾ ಹಿಡಿದು ಬೋಲ್ಟು ತಿರುಗಿಸುವುದು ಹೇಗೆ ಅಂತ ನನ್ನನ್ನೇ ಕೇಳುತ್ತೀಯ. ನಾಚಿಕೆ ನಿನಗಿಲ್ಲ, ಸಿಟ್ಟು ನನಗಿಲ್ಲ. ಕೇಳು.

ಗಾಡಿ ಪೂರ್ತಿ ಆರಬೇಕು. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಮಾಡು. ಬ್ಯಾಟರಿ ವೈರು ತೆಗೆ. ಮುಂದಿನ ಸೀಟು ಎತ್ತು. ಎಡಗೈಯಲ್ಲಿ ಟಾರ್ಚು, ಬಲಗೈ ಒಳಗೆ. ಮೇಲಿನ ಎರಡು ಬೋಲ್ಟು ಕಾಣುತ್ತವೆ, ಕೆಳಗಿನ ಎರಡು ಕಾಣುವುದಿಲ್ಲ. ಬೆರಳಿಗೆ ಸಿಗುತ್ತವೆ, ನಿನ್ನ ಬೆರಳಿಗೆ ಮಾತ್ರ ಸಿಗುತ್ತವೆ. ಇಲ್ಲಿ ಈಗ ಒಬ್ಬನನ್ನು ಇಟ್ಟುಕೊಂಡಿದ್ದೇನೆ, ಅವನ ಕೈ ಸಲಿಕೆ. ಒಂದು ವಾಲ್ವ್ ತೆಗೆಯುವುದಕ್ಕೆ ಅರ್ಧ ಎಂಜಿನ್ ಬಿಚ್ಚುತ್ತಾನೆ.

ವಾಲ್ವ್ ತೆಗೆದ ಕೂಡಲೇ ಎಂಜಿನ್ನಿನ ಬಾಯಿಗೆ ಬಟ್ಟೆ ತುರುಕು, ಮಸಿ ಒಳಗೆ ಉದುರಬಾರದು. ತಿರುಗಿ ಹಾಕುವಾಗ ಬಟ್ಟೆ ತೆಗೆಯಲು ಮರೆತರೆ ಗಾಡಿಯನ್ನು ಗುಜರಿಗೆ ಹಾಕು, ನನಗೆ ಬರೆಯಬೇಡ.

ಈಗಲೇ ತೊಳೆಯಬೇಡ. ಒಳಗೆ ಬೆರಳು ಹಾಕಿ ನೋಡು. ಮಸಿ ಒಣಗಿದೆಯೋ ಒದ್ದೆಯೋ? ಉಜ್ಜಿದರೆ ಪುಡಿಯಾಗುತ್ತದೋ, ಅಂಟಿಕೊಳ್ಳುತ್ತದೋ? ನೋಡಿ, ಹಾಗೇ ತಿರುಗಿ ಹಾಕಿ ಗಾಡಿ ಓಡಿಸು. ನನಗೆ ಬರೆ. ಆಮೇಲೆ ಹೇಳುತ್ತೇನೆ.

ಅವಸರ ಇದ್ದರೆ ಮೂಗು ಮುಚ್ಚುವವನ ಹತ್ತಿರ ಹೋಗು.

ನಿನ್ನ ಅಮ್ಮ


ಜುಲೈ 1

ಅಮ್ಮಾ,

ನಿನ್ನ ಪತ್ರ ಬಂದಾಗ ಮೆಟ್ಟಿಲ ಮೇಲೇ ಕೂತು ಓದಿದೆ. ಎಷ್ಟು ಬೈದಿದ್ದೀಯೆಂದು ಹುಡುಕಿದೆ, ನಾನು ಅಂದುಕೊಂಡದ್ದಕ್ಕಿಂತ ಕಡಿಮೆ ಇತ್ತು. ಇಸ್ತ್ರಿ ಅಂಗಡಿಯವಳು, "ಯಾರ ಕಾಗದನೇ, ಹಲ್ಲು ಕಿರೀತಿದೀಯ?" ಅಂದಳು. ನಮ್ಮಮ್ಮನದು, ಬೈದಿದ್ದಾಳೆ ಅಂದೆ. "ಬೈದಿದ್ದಕ್ಕೆ ಇಷ್ಟು ಖುಷಿನಾ!" ಅಂತ ನಕ್ಕಳು.

ಭಾನುವಾರ ತೆಗೆದೆ. ಕೆಳಗಿನ ಬೋಲ್ಟು ಎರಡೂ ಕೈ ಹಾಕಿದ ತಕ್ಷಣ ಸಿಕ್ಕವು. ಬೆರಳು ಏನನ್ನೂ ಮರೆತಿಲ್ಲ. ಮೊದಲ ಸಲ ವಾಲ್ವಿನ ಒಳಗನ್ನು ನನ್ನ ಕಣ್ಣಿಂದ ನೋಡಿದೆ. ರಂಧ್ರವೇ ಇಲ್ಲ ಅಮ್ಮ, ಪೂರ್ತಿ ಮುಚ್ಚಿಹೋಗಿದೆ.

ಮಸಿ ಒದ್ದೆ. ಉಜ್ಜಿದರೆ ಪುಡಿಯಾಗುವುದಿಲ್ಲ, ಡಾಂಬರಿನ ಹಾಗೆ ಬೆರಳಿಗೆ ಅಂಟುತ್ತದೆ. ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಸುಟ್ಟ ಆಯಿಲ್ ವಾಸನೆ. ಆ ಕಡೆಯ ಗಾಳಿ ಪೈಪಿನಲ್ಲೂ ಕೈ ಹಾಕಿ ನೋಡಿದೆ, ಅಲ್ಲೂ ಜಿಡ್ಡು. ನೀನು ಹೇಳಿದ ಹಾಗೆ ತೊಳೆಯದೆ ತಿರುಗಿ ಹಾಕಿದ್ದೇನೆ. ಬಟ್ಟೆ ತೆಗೆದಿದ್ದೇನೆ!

ಬೇಗ ಬರೆ. ಮೇಡಂ ದಿನವೂ ಗೇಟಿನಲ್ಲಿ ನಿಂತು ನನ್ನ ಸೈಲೆನ್ಸರನ್ನೇ ನೋಡುತ್ತಾರೆ.

ಉತ್ತರಕ್ಕೆ ಕಾಯುವ,
ಇಲಿ


ಜುಲೈ 10

ಇಲಿಗೆ,

ಸರಿ.

ವಾಲ್ವಿನ ತಲೆಯ ಮೇಲೆ ವೈರು ಹೋಗುವ ಕರೀ ಡಬ್ಬಿ ಇದೆ, ಅದರೊಳಗೆ ಮೋಟಾರು. ಅದಕ್ಕೆ ಒಂದು ಹನಿ ತಾಗಿದರೂ ವಾಲ್ವ್ ಸತ್ತ ಹಾಗೆ. ಹಾಗಾಗಿ ಬಾಯಿ ಕೆಳಗೆ ಮಾಡಿ ಹಿಡಿ. ಕಾರ್ಬನ್ ತೊಳೆಯುವ ಸ್ಪ್ರೇ ಹೊಡೆ. ತಗ್ಗಿನ ಡಬ್ಬಿಯಲ್ಲಿ ಬಾಯಿಯಷ್ಟು ಮಾತ್ರ ಮುಳುಗುವ ಹಾಗೆ ನೆನೆಸು. ಕಬ್ಬಿಣ ತಾಗಿಸಬೇಡ, ಗೀರು ಬಿದ್ದರೆ ಅಲ್ಲೇ ಮಸಿ ಮೊದಲು ಕೂರುತ್ತದೆ. ಮರದ ಕಡ್ಡಿಯಿಂದ ಎಬ್ಬಿಸು, ಹಳೇ ಹಲ್ಲುಜ್ಜುವ ಬ್ರಷ್ಷಿಂದ ತಿಕ್ಕು. ಹೋಗದಿದ್ದರೆ ಇನ್ನೂ ನೆನೆಸು. ಕೂಸಿನ ಕಿವಿ ಒರೆಸುವ ಹಾಗೆ ಒಣ ಬಟ್ಟೆಯಿಂದ ಒರೆಸು. ಗ್ಯಾಸ್ಕೆಟ್ ಹೊಸದೇ ಹಾಕು, ಭಿಕಾರಿತನ ಮಾಡಬೇಡ.

ಒಳಕೋಣೆಯಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟೇ. ಇಷ್ಟಕ್ಕೆ ಬಾಗಿಲು ಯಾಕೆ ಹಾಕುತ್ತಿದ್ದೆ ಎಂದು ಕೇಳಬೇಡ. ಬಾಗಿಲು ತೆರೆದಿಟ್ಟು ಕಲಿಸಿದ್ದರೆ ನೀನು ಇನ್ನೂ ಮೂರು ವರ್ಷ ಮೊದಲೇ ಹೋಗುತ್ತಿದ್ದೆ.

ನಿನ್ನ ಮೇಲಂಗಿ ಗೂಟದಲ್ಲೇ ಇದೆ. ಸಲಿಕೆಗೆ ಮುಟ್ಟಬೇಡ ಅಂದಿದ್ದೇನೆ.

ನಿನ್ನ ಅಮ್ಮ


ಜುಲೈ 25

ಅಮ್ಮಾ, ಅಮ್ಮಾ,

ಹೊಗೆ ನಿಂತಿತು! ಆಸ್ಪತ್ರೆ ಪಕ್ಕದ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆ. ಹಿಂದೆ ಮಕ್ಕಳೆಲ್ಲ ಚಪ್ಪಾಳೆ ಹೊಡೆದವು. ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ ಇದ್ದಾಳೆ, ಬಾಯಿಬಡುಕಿ, "ಇವತ್ತಿಂದ ನಿಮ್ಮ ಹೆಸರು ಬರೀ ಆಂಟಿ" ಅಂದಳು. ಮೇಡಂ ಗೇಟಿನಲ್ಲಿ ಸೈಲೆನ್ಸರ್ ಬಿಟ್ಟು ನನ್ನ ಮುಖ ನೋಡಿ ನಕ್ಕರು.

ತೊಳೆದು ಮುಗಿಸಿದ ಮೇಲೆ ವಾಲ್ವನ್ನು ಕಿಟಕಿಗೆ ಹಿಡಿದು ನೋಡಿದೆ. ಆ ಕಡೆಯಿಂದ ಈ ಕಡೆಗೆ ದುಂಡಗೆ ಬೆಳಕು ಬಂತು. ನೀನು ಒಬ್ಬಳೇ ಬಾಗಿಲು ಹಾಕಿಕೊಂಡು ಇಷ್ಟು ವರ್ಷ ಇದನ್ನು ನೋಡುತ್ತಿದ್ದೆಯಾ ಎಂದು ಹೊಟ್ಟೆಕಿಚ್ಚಾಯಿತು. ಆಮೇಲೆ ಅತ್ತೆ. ಯಾಕೆ ಎಂದು ನನಗೂ ಗೊತ್ತಿಲ್ಲ. ನೀನು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು, ಅಷ್ಟೇ.

ಒಂದು ಸಲ ಬಾ. ಕೋಣೆ ಚಿಕ್ಕದು, ಮಂಚ ನಿನಗೆ ಕೊಡುತ್ತೇನೆ. ವ್ಯಾನಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತೇನೆ. ನೀನು ಹೊಗೆ ನೋಡಿಯೇ ಕಾಯಿಲೆ ಹೇಳುವವಳು, ನನ್ನ ಗಾಡಿಗೂ ಒಂದು ಸಲ ಮುಖ ತೋರಿಸು.

ನಿನ್ನ ಮಗಳು


ಆಗಸ್ಟ್ 21

ಅಮ್ಮನಿಗೆ,

ಹೋದ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬಾ ಅಂದದ್ದು ತಪ್ಪಾಗಿದ್ದರೆ ಬಿಡು.

ಹೊಗೆ ತಿರುಗಿ ಬಂದಿದೆ. ಮೂರೇ ವಾರ ಚೆನ್ನಾಗಿತ್ತು. ಬಿಚ್ಚಿ ನೋಡಿದರೆ ಮೊದಲಿನ ಹಾಗೇ ಕಟ್ಟಿಕೊಂಡಿದೆ, ಅದೇ ಒದ್ದೆ, ಅದೇ ಅಂಟು. ಮತ್ತೆ ತೊಳೆದೆ. ಒಂದು ವಾರಕ್ಕೆ ಮತ್ತೆ ಹೊಗೆ. ಮತ್ತೆ ತೊಳೆದೆ. ಸ್ಪ್ರೇ ತಾಗಿ ಅಂಗೈ ಸುಲಿದು ಹೋಗಿದೆ, ಸ್ಟಿಯರಿಂಗ್ ಹಿಡಿದರೆ ಉರಿ.

ತಗಡು ಹೊಡೆಯುತ್ತೇನೆ ಅಂದಿದ್ದ ಮೆಕ್ಯಾನಿಕ್ ದಾರಿಯಲ್ಲಿ ನಿಲ್ಲಿಸಿ, "ಪದೇ ಪದೇ ಬಿಚ್ತೀಯಂತೆ, ತಂದು ತೋರಿಸು, ಬೇರೆ ಏನೋ ಇರ್ಬೇಕು" ಅಂದ. "ನಮ್ಮಮ್ಮ ನೋಡ್ಕೋತಿದಾಳೆ, ನಿನಗಿಂತ ದೊಡ್ಡ ಮೇಸ್ತ್ರಿ ಅವಳು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ.

ನಾನು ಎಲ್ಲಿ ತಪ್ಪುತ್ತಿದ್ದೇನೆ?

ಇಲಿ


ಆಗಸ್ಟ್ 29

ಇಲಿಗೆ,

ಎಲ್ಲಿ ತಪ್ಪುತ್ತಿದ್ದೇನೆ ಅಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ನೆಲ ಡೊಂಕು ಅನ್ನದೆ ತಪ್ಪು ನನ್ನದೇ ಅಂದಿದ್ದೀಯ, ಅಷ್ಟು ಬುದ್ಧಿ ಬಂದಿದೆ. ಸಂತೋಷ.

ವಾಲ್ವೊಂದನ್ನೇ ತೊಳೆದರೆ ಆಗುವುದಿಲ್ಲ. ಅದಕ್ಕೆ ಸೇರಿದ ಪೈಪು, ಹೊಗೆ ತಣಿಸುವ ಕೂಲರು, ಎಂಜಿನ್ನಿನ ಬಾಯಿ, ಎಲ್ಲವನ್ನೂ ಬಿಚ್ಚಿ ತೊಳೆಯಬೇಕು. ಮಸಿ ಒಂದು ಕಡೆ ಇದ್ದರೂ ಇನ್ನೊಂದು ಕಡೆಗೆ ನೆಂಟರ ಹಾಗೆ ಬರುತ್ತದೆ. ನೆನೆಸು. ಹೋಗದಿದ್ದರೆ ಇನ್ನೂ ನೆನೆಸು. ಅಂಗೈ ಸುಲಿದರೆ ಕೈಗವಸು ಹಾಕಿಕೋ. ಕೈಗವಸು ಹಾಕಿದರೆ ಬೋಲ್ಟು ಸಿಗುವುದಿಲ್ಲ, ಅದೂ ನಿಜ.

ದಾರಿಯಲ್ಲಿ ಹೋಗುವವರಿಗೆಲ್ಲ ಗಾಡಿ ತೋರಿಸಬೇಡ. ಹತ್ತು ಜನ ನೋಡಿದ ಹುಣ್ಣು ವಾಸಿಯಾಗುವುದಿಲ್ಲ. ಆ ಮೆಕ್ಯಾನಿಕ್ಕಿಗೆ ಹೇಳಿದ ಮಾತು ಚೆನ್ನಾಗಿತ್ತು.

ನನ್ನಿಂದ ಬರುವುದಕ್ಕೆ ಆಗುವುದಿಲ್ಲ. ನಾನು ಗ್ಯಾರೇಜಿನ ಶಟರ್ ಎಳೆದರೆ ಗಿರಾಕಿಗಳು ಎದುರಿನವನ ಹತ್ತಿರ ಹೋಗುತ್ತಾರೆ. ಬರಬೇಕಾದವಳು ನೀನು. ಗಾಡಿಯನ್ನು ಅಲ್ಲೇ ಮಾರಿ ಬಾ, ನಾನು ಒಂದು ಮಾತೂ ಆಡುವುದಿಲ್ಲ.

ನಿನ್ನ ಅಮ್ಮ


ಸೆಪ್ಟೆಂಬರ್ 22

ಅಮ್ಮನಿಗೆ,

ಎಲ್ಲ ಬಿಚ್ಚಿದೆ. ಶನಿವಾರ ಮಧ್ಯಾಹ್ನ ಕೂತವಳು ಭಾನುವಾರ ಕತ್ತಲಾಗುವಾಗ ಎದ್ದೆ. ರಸ್ತೆ ಬದಿಯಲ್ಲಿ ಹಾಳೆ ಹಾಸಿ, ಬಿಚ್ಚಿದ್ದನ್ನೆಲ್ಲ ಸಾಲಾಗಿ ಇಟ್ಟುಕೊಂಡಿದ್ದೆ. ಇಸ್ತ್ರಿಯವಳು ಊಟ ತಂದು ಅವಳೇ ಬಾಯಿಗೆ ಹಾಕಿದಳು, ನನ್ನ ಕೈ ಹಾಗಿತ್ತು. "ಗಾಡಿ ಹೆತ್ತೋಳ ಥರ ಕೂತಿದೀಯಲ್ಲೇ" ಅಂದಳು.

ಕೂಲರಿನಿಂದ ಒಂದು ಲೋಟ ಕರೀ ಜಿಡ್ಡು ಸುರಿಯಿತು. ಎಲ್ಲ ಹೊಳೆಯುವ ಹಾಗೆ ಮಾಡಿ ಕೂರಿಸಿದೆ. ಹನ್ನೊಂದು ದಿನ ಚೆನ್ನಾಗಿತ್ತು. ಈಗ ಕರೀ ಹೊಗೆ ಅಲ್ಲ, ನೀಲಿ ಹೊಗೆ. ಆಯಿಲ್ ಕೂಡ ಕಮ್ಮಿಯಾಗುತ್ತಿದೆ, ಆಗಾಗ ಹಾಕುತ್ತಿದ್ದೇನೆ, ಹಳೇ ಗಾಡಿ ಅಲ್ಲವಾ. ಕೆಲವು ಸಲ ನಾನು ಒತ್ತದಿದ್ದರೂ ಎಂಜಿನ್ ತಾನೇ ಒಂದು ಕ್ಷಣ ಗುಟುರು ಹಾಕಿ ಸುಮ್ಮನಾಗುತ್ತದೆ.

ಮೇಡಂ ಕಾಗದ ಕೊಟ್ಟಿದ್ದಾರೆ. ಪರೀಕ್ಷೆ ಮುಗಿಯುವ ತನಕ ನಾನು, ಆಮೇಲೆ ಬೇರೆಯವರು. ಹಲ್ಲು ಬಿದ್ದ ಹುಡುಗಿಗೆ ಹೊಸ ಹಲ್ಲು ಬರುತ್ತಿದೆ. "ಬೇರೆ ವ್ಯಾನಿಗೆ ನಾ ಹೋಗಲ್ಲ" ಅಂತ ನನ್ನ ಸೀಟನ್ನು ತಬ್ಬಿಕೊಂಡು ಕೂತಿತ್ತು. ಇಳಿಸುವುದಕ್ಕೆ ಸಾಕು ಸಾಕಾಯಿತು.

ಇನ್ನೂ ಹದಿನೈದು ಇಪ್ಪತ್ತು ದಿನ ಇದೆ ಅಮ್ಮ. ಏನಾದರೂ ಇದ್ದರೆ ಈಗ ಹೇಳು. ಕಾಲಿಗೆ ಬೀಳುತ್ತೇನೆ.

ಇಲಿ


ಅಕ್ಟೋಬರ್ 1

ಇಲಿಗೆ,

ಕಾಲಿಗೆ ಬೀಳುವುದು ಪತ್ರದಲ್ಲಿ ಆಗುವುದಿಲ್ಲ, ಅದಕ್ಕೆ ಎದುರಿಗೆ ಬರಬೇಕು.

ಹಳೇ ಗಾಡಿ ಆಯಿಲ್ ಕುಡಿಯುತ್ತದೆ, ಹಾಕು. ನೀಲಿ ಹೊಗೆ ಇದ್ದರೆ ಇನ್ನೊಂದು ಸಲ ತೊಳೆ, ನಿನಗೆ ಈಗ ಅಭ್ಯಾಸ ಆಗಿದೆ. ಒಂದು ವರ್ಷ ಬೆಟ್ಟ ಅಗೆದು ನೀನು ಹಿಡಿದದ್ದು ಏನು? ಹೊಗೆ. ಇಲಿಯಾದರೂ ಸಿಗಬೇಕಿತ್ತು, ಇಲಿ ನೀನೇ ಆಗಿಬಿಟ್ಟೆ.

ಇಲ್ಲಿ ಕೊರಿಯರ್ ಕಂಪನಿಯ ಎಂಟು ಗಾಡಿ ಬಂದು ಸಾಲಾಗಿ ನಿಂತಿವೆ. ಎಂಟಕ್ಕೂ ಎಂಜಿನ್ನಿನ ಹಿಂದೆ ಕೈ ಹಾಕುವ ಕೆಲಸ. ಸಲಿಕೆಯನ್ನು ಓಡಿಸಿದೆ. ಅವರಿಗೆ, "ನನ್ನ ಮಗಳು ಬರ್ತಾಳೆ, ಹತ್ತು ದಿನ ತಡೀರಿ" ಅಂದಿದ್ದೇನೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿದ್ದೇನೆ. ಮೇಲಂಗಿ ಒಗೆದಿದ್ದೇನೆ. ನಿನಗೆ ಅಂತ ಸಣ್ಣ ಪಾನಾ ಸೆಟ್ ಒಂದು ತಂದಿದ್ದೇನೆ, ಹೊಸದು. ಹುಟ್ಟಿದಾಗಿನಿಂದ ನಿನಗೆ ನಾನು ಹೊಸದು ಏನೂ ತಂದುಕೊಟ್ಟಿಲ್ಲ ಅಂತ ನಿಮ್ಮ ಮಾವ ಆಡಿಕೊಂಡ.

ಪರೀಕ್ಷೆ ಮುಗಿದ ಮಾರನೇ ದಿನವೇ ಹೊರಡು. ಕೈ ಜೋಪಾನ. ಸ್ಪ್ರೇ ಹೊಡೆದ ಮೇಲೆ ಎಣ್ಣೆ ಹಚ್ಚಿಕೋ, ಚರ್ಮ ಒಡೆದರೆ ಬೆರಳಿನ ಸೂಕ್ಷ್ಮ ಹೋಗುತ್ತದೆ.

ನಿನ್ನ ಅಮ್ಮ


ಅಕ್ಟೋಬರ್ 14

ಅಮ್ಮನಿಗೆ,

ಆಸ್ಪತ್ರೆಯಿಂದ ಬರೆಯುತ್ತಿರುವ ಪತ್ರ ಇದು. ನಿನ್ನ ಪತ್ರವನ್ನು ಇಸ್ತ್ರಿಯವಳು ಇಲ್ಲಿಗೇ ತಂದುಕೊಟ್ಟಳು.

ಗುರುವಾರ ಬೆಳಿಗ್ಗೆ ಸ್ಕೂಲಿನ ಗೇಟಿನಲ್ಲಿ ನಿಲ್ಲಿಸಿ ಮಕ್ಕಳನ್ನು ಇಳಿಸುತ್ತಿದ್ದೆ. ಎಂಜಿನ್ ತಾನೇ ಗುಟುರು ಹಾಕಿತು. ಈ ಸಲ ಸುಮ್ಮನಾಗಲಿಲ್ಲ, ಏರುತ್ತಲೇ ಹೋಯಿತು. ಕೀ ತಿರುಗಿಸಿದೆ, ನಿಲ್ಲಲಿಲ್ಲ. ಕೀ ಕಿತ್ತು ಕೈಯಲ್ಲಿ ಹಿಡಿದಿದ್ದೇನೆ, ಗಾಡಿ ಕಿರುಚುತ್ತಲೇ ಇದೆ. ನೀಲಿ ಹೊಗೆಯಲ್ಲಿ ಗೇಟೇ ಕಾಣಲಿಲ್ಲ. ಗೇರ್ ಹಾಕಿ ಕ್ಲಚ್ ಬಿಟ್ಟು ಆರಿಸೋಣ ಎಂದರೆ ಗಾಡಿ ಜಿಗಿಯುತ್ತದೆ, ಮುಂದೆ ನನ್ನ ಮಕ್ಕಳು ಸಾಲು ನಿಂತಿವೆ, ಹಿಂದೆ ಇನ್ನೊಂದು ವ್ಯಾನಿನ ಮಕ್ಕಳು. ಒಳಗೆ ಇನ್ನೂ ನಾಲ್ಕು ಮಕ್ಕಳಿದ್ದವು, ಅವುಗಳಲ್ಲಿ ಹಲ್ಲು ಬಿದ್ದವಳೂ ಇದ್ದಳು. ಬಾಗಿಲ ಹತ್ತಿರ ಹೊಗೆ ನೋಡಿ ಹೆದರಿ ಹಿಂದಿನ ಸೀಟಿನ ಕೆಳಗೆ ನುಗ್ಗಿದ್ದವು.

ಸೀಟು ಎತ್ತಿ ಗಾಳಿ ಪೈಪ್ ಕಿತ್ತೆ. ಗಾಳಿ ನಿಂತರೆ ಎಂಜಿನ್ ನಿಲ್ಲುತ್ತದೆ ಎಂದು ಅಷ್ಟು ಗೊತ್ತಿತ್ತು. ತುರುಕುವುದಕ್ಕೆ ಬಟ್ಟೆ ಹುಡುಕಿದೆ, ಸಿಗಲಿಲ್ಲ. ಬಾಯಿಗೆ ಕೈಯನ್ನೇ ಅಡ್ಡ ಕೊಟ್ಟೆ. ಎಂಜಿನ್ನಿಗೆ ಗಾಳಿ ನೂಕುವ ಟರ್ಬೊ ಚಕ್ರ ಎಳೆದುಕೊಂಡಿತು. ಎಂಜಿನ್ ನಿಂತಿತು. ಎರಡು ಬೆರಳು ಅರ್ಧಕ್ಕೆ ಹೋದವು, ಇನ್ನೊಂದರ ತುದಿ ಹೋಯಿತು. ಮಕ್ಕಳಿಗೆ ಏನೂ ಆಗಿಲ್ಲ.

ಗಾಡಿ ಎಳೆದುಕೊಂಡು ಹೋದದ್ದು ಅದೇ ಮೆಕ್ಯಾನಿಕ್. ಆಮೇಲೆ ಇಲ್ಲಿಗೆ ಬಂದು ಮಂಚದ ಪಕ್ಕ ಕೂತ. "ಟರ್ಬೊ ಸೀಲ್ ಹೋಗಿ ಆಯಿಲ್ ನೇರ ಎಂಜಿನ್ನಿಗೆ ಹೋಗ್ತಿತ್ತು. ಡೀಸೆಲ್ ನಿಲ್ಸಿದ್ರೂ ತನ್ನ ಆಯಿಲ್ ತಾನೇ ಕುಡಿದು ಓಡುತ್ತೆ ಅದು. ಒಳಗೆ ಮಸಿ ಹೇಗಿತ್ತಮ್ಮ, ಒಣಗಿತ್ತಾ, ಒದ್ದೆನಾ?" ಅಂದ. ಒದ್ದೆ ಅಂದೆ. "ಯಾವಾಗಿಂದ?" ಮೊದಲಿಂದ ಅಂದೆ. ಅವನು ತಲೆ ಮೇಲೆ ಕೈ ಹೊತ್ತ. "ಒಣ ಮಸಿ ಆದ್ರೆ ತೊಳೀಬೇಕು. ಒದ್ದೆ ಮಸಿ ಕಂಡ್ರೆ ತೊಳೆಯೋದಲ್ಲ, ಗಾಡಿ ನಿಲ್ಸಿ ಟರ್ಬೊ ಬಿಚ್ಚೋದು. ನೂರು ಸಲ ತೊಳೆದ್ರೂ ಏನ್ ಬಂತು? ಕೆಲಸಕ್ಕೆ ಸೇರಿದ ಮೊದಲ್ನೇ ದಿನ ಹೇಳ್ಕೊಡ್ತಾರೆ ಇದನ್ನ. ನಿಮ್ಮಮ್ಮ ದೊಡ್ಡ ಮೇಸ್ತ್ರಿ ಅಂದ್ಯಲ್ಲ, ಕೇಳಲಿಲ್ವಾ ಅವರು?"

ಕೇಳಿದ್ದಳು ಅಂದೆ.

ಒಣಗಿದೆಯೋ ಒದ್ದೆಯೋ ಎಂದು ನೀನು ಮೊದಲ ಪತ್ರದಲ್ಲೇ ಕೇಳಿದೆ. ನಾನು ಒದ್ದೆ ಎಂದು ಬರೆದೆ. ಅದಕ್ಕೆ ನೀನು 'ಸರಿ' ಎಂದು ಬರೆದೆ. ಆಮೇಲೆ ಜುಲೈ, ಆಗಸ್ಟ್, ಸೆಪ್ಟೆಂಬರ್.

ನಿನಗೆ ಗೊತ್ತಿತ್ತಾ ಅಮ್ಮ? ಹೌದು ಇಲ್ಲ ಅಂತ ಒಂದು ಮಾತು ಸಾಕು.

ನಿನ್ನ ಮಗಳು


ಅಕ್ಟೋಬರ್ 22

ಇಲಿಗೆ,

ಗೊತ್ತಿತ್ತು. ಒದ್ದೆ ಅಂತ ಓದಿದ ದಿನವೇ ಗೊತ್ತಾಯಿತು. ನೀನು ಕೇಳಿದ್ದು ಹೇಗೆ ತೊಳೆಯುವುದು ಅಂತ, "ಅಷ್ಟೇ ಕೇಳುತ್ತಿರುವುದು" ಅಂತ ಕೆಳಗೆ ಬರೆದೂ ಇದ್ದೆ. ಹೇಳಿಕೊಟ್ಟೆ. ತೊಳೆಯಬೇಕೋ ಬೇಡವೋ ಅಂತ ನೀನು ಕೇಳಲಿಲ್ಲ.

ಗಾಡಿ ಒಂದು ದಿನ ನಿಲ್ಲಲಿ, ನೀನು ಮನೆಗೆ ಬರಲಿ ಅಂದುಕೊಂಡಿದ್ದೆ. ಅದರಲ್ಲಿ ಮುಚ್ಚಿಡುವುದಕ್ಕೆ ಏನಿದೆ? ಹೆತ್ತವಳಿಗೆ ಅಷ್ಟು ಆಸೆ ಇರಬಾರದಾ? ಬೆರಳಿಗೆ ನನ್ನ ಹೆಸರು ಕಟ್ಟಬೇಡ. ಟರ್ಬೊ ಬಾಯಿಗೆ ಕೈ ಕೊಡಬಾರದು ಅಂತ ಗ್ಯಾರೇಜಿನ ನಾಯಿಗೂ ಗೊತ್ತು. ಕೂತಿದ್ದ ಸೀಟಿನ ಕವರ್ ಕಿತ್ತು ತುರುಕಬೇಕಿತ್ತು.

ನಿನ್ನ ಪತ್ರ ಓದುವಾಗ ಎರಡು ಸಲ ಕೈಯಿಂದ ಜಾರಿ ಬಿದ್ದದ್ದು ನಿಜ. ಅದು ವಯಸ್ಸು. ನಿಮ್ಮ ಮಾವ ಅವತ್ತಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಅಲ್ಲಿಗೆ ಹೊರಟಿದ್ದಾನೆ, ಬಂದರೆ ಅವನ ಮಾತಿಗೆ ಕಿವಿ ಕೊಡಬೇಡ.

ಯಾವ ಕೈ ಅಂತ ನೀನು ಬರೆಯಲಿಲ್ಲ, ನನ್ನನ್ನು ಹೆದರಿಸುವುದಕ್ಕೆ. ನಾನು ಮೇಸ್ತ್ರಿ, ನನಗೆ ಹೇಳಬೇಕಾಗಿಲ್ಲ. ಪತ್ರ ಬೆಳಕಿಗೆ ಹಿಡಿದು ನೋಡಿದೆ. ಅಕ್ಷರ ಎಂದಿನ ಹಾಗೆ ದುಂಡಗಿದೆ, ಒಂದು ಸಾಲೂ ಡೊಂಕಿಲ್ಲ. ಹಾಗಾದರೆ ಹೋದದ್ದು ಎಡಗೈ. ಬೋಲ್ಟಿಗೆ ಬೇಕಾದದ್ದು ಬಲಗೈ. ಎಡಗೈಯಲ್ಲಿ ಟಾರ್ಚು ತಾನೇ ಹಿಡಿಯುವುದು, ಅದಕ್ಕೆ ಹೆಬ್ಬೆರಳು ಇದ್ದರೆ ಸಾಕು.

ಎಂಟು ಗಾಡಿಯಲ್ಲಿ ಮೂರು ಎದುರಿನವನ ಹತ್ತಿರ ಹೋದವು. ಐದು ನಿಂತಿವೆ. ಗಾಯ ಒಣಗಿದ ಕೂಡಲೇ ಬಾ.

ನಿನ್ನ ಅಮ್ಮ


ನವೆಂಬರ್ 30

ಅಮ್ಮ,

ಈ ಪತ್ರ ಬರೆಯಲು ನಾಲ್ಕು ದಿನ ಹಿಡಿಯಿತು. ಸಾಲು ಏರಿ ಇಳಿದಿದೆ, ಓದಿಕೋ. ಇದು ನನ್ನ ಎಡಗೈ.

ಹೋದ ಪತ್ರ ಬರೆದದ್ದು ನಾನಲ್ಲ. ಪಕ್ಕದ ಮಂಚದಲ್ಲಿ ಒಬ್ಬರು ಟೀಚರು ಇದ್ದರು, ನಾನು ಹೇಳುತ್ತಾ ಹೋದೆ, ಅವರು ಬರೆದರು. ದುಂಡಗಿನ ಅಕ್ಷರ ಅವರದು. ನನ್ನದು ಯಾವತ್ತೂ ಕಾಗೆ ಕಾಲು ಗುಬ್ಬಿ ಕಾಲು, ಸ್ಕೂಲಿನಲ್ಲಿ ಅದಕ್ಕೇ ಏಟು ತಿನ್ನುತ್ತಿದ್ದೆ. ಊರಾಚೆ ಕೂತು, ಮಸಿ ಒದ್ದೆ ಅಂದದ್ದರಿಂದಲೇ ಗಾಡಿಯ ಕಾಯಿಲೆ ತಿಳಿಯುವವಳು ನೀನು. ನಾನೇ ಬರೆದ ಐದು ಪತ್ರ ಓದಿದ ಮೇಲೂ ಮಗಳ ಅಕ್ಷರ ನಿನಗೆ ಗೊತ್ತಾಗಲಿಲ್ಲ.

ಹೋದದ್ದು ಬಲಗೈ. ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ತುದಿ. ಕೆಳಗಿನ ಬೋಲ್ಟು ಸಿಗುತ್ತಿದ್ದ ಬೆರಳುಗಳೇ.

ನಾನು ಬರುವುದಿಲ್ಲ. ಬಂದರೂ ನಿನಗೆ ಉಪಯೋಗವಿಲ್ಲ, ಹಾಗಾಗಿ ನೀನು ಬಾ ಅನ್ನುವುದೂ ಇಲ್ಲ. ಇಲ್ಲಿ ಮೆಕ್ಯಾನಿಕ್ ತನ್ನ ಶೆಡ್ಡಿನಲ್ಲಿ ಒಂದು ಕುರ್ಚಿ ಕೊಟ್ಟಿದ್ದಾನೆ. ಬಂದ ಗಾಡಿಯ ಹೊಗೆ ನೋಡಿ, ಬಿಚ್ಚಿದ್ದರ ಒಳಗೆ ನೋಡಿ, ಏನಾಗಿದೆ ಎಂದು ಹೇಳುವುದು. ಬಾಗಿಲು ಹಾಕುವುದಿಲ್ಲ ಅವನು. ಒದ್ದೆ ಕಂಡರೆ ಒದ್ದೆ ಎಂದು ಗಿರಾಕಿಗೆ ಹೇಳುತ್ತೇನೆ. ಬೆಳಿಗ್ಗೆ ಬೇರೆ ವ್ಯಾನ್ ಆ ದಾರಿಯಲ್ಲೇ ಹೋಗುತ್ತದೆ. ಹುಡುಗಿ ಕಿಟಕಿಯಿಂದ ಕೈ ಬೀಸುತ್ತಾಳೆ. ನಾನು ಎಡಗೈ ಬೀಸುತ್ತೇನೆ.

ಮಾವ ಬಂದಿದ್ದ. ಮಂಚದ ಕೊನೆಯಲ್ಲಿ ಕೂತು ಅತ್ತ. ಎಲ್ಲ ಹೇಳಿದ. ಒಂದು ವರ್ಷದಿಂದ ನಿನ್ನ ಬೆರಳುಗಳ ಗೆಣ್ಣು ಊದಿ ಮಡಚಲು ಬರುವುದಿಲ್ಲವಂತೆ. ಪಾನಾ ಜಾರಿ ಬೀಳುತ್ತದಂತೆ. ಬೆಳಿಗ್ಗೆ ಲೋಟ ಹಿಡಿಯುವುದಕ್ಕೂ ಅಳು ಬರುತ್ತದಂತೆ. ಐದು ಗಾಡಿಯೂ ಹೋದವಂತೆ, ಶಟರ್ ಅರ್ಧ ಎಳೆದೇ ಇರುತ್ತದಂತೆ. ಇದನ್ನು ಜೂನಿನಲ್ಲಿ ನೀನು ಬರೆದಿದ್ದರೆ ವ್ಯಾನ್ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದೆ. ನೀನು ಬರೆಯಲಿಲ್ಲ. ನಾನೂ ಕೇಳಲಿಲ್ಲ.

"ಏನಾದ್ರೂ ಹೇಳಿ ಕಳಿಸೇ, ಪಾಪ, ನೋವು ತಡೆಯಕ್ಕಾಗಲ್ಲ ಅವಳಿಗೆ" ಅಂದ ಮಾವ. ಹೇಳುತ್ತಿದ್ದೇನೆ.

ತಗ್ಗಿನ ಪಾತ್ರೆಯಲ್ಲಿ ಬಿಸಿನೀರು ತಗೋ. ಕೈ ಮಣಿಕಟ್ಟಿನ ತನಕ ಮುಳುಗಬೇಕು. ನೆನೆಸು. ಹೋಗದಿದ್ದರೆ ಇನ್ನೂ ನೆನೆಸು.

ಮಗಳು